ಸತ್ಯಾಂಶ: ಜಾವಾ ಆ್ಯಪ್‌ಗಳನ್ನು ಪ್ಲೇ ಸ್ಟೋರ್ ತೆಗೆದುಹಾಕುತ್ತಾ?

"ಕಾಟ್ಲಿನ್ ಬಂತು, ಜಾವಾ ಆ್ಯಪ್‌ಗಳನ್ನೆಲ್ಲ ಗೂಗಲ್ ತೆಗೆಯುತ್ತೆ, ಜಾವಾದವರ ಕೆಲಸ ಹೋಯ್ತು" ಎನ್ನುವ ಮೆಸೇಜ್ ಓಡಾಡುತ್ತಿದೆ. (ಜಾವಾ, ಕಾಟ್ಲಿನ್ ಎರಡೂ ಆ್ಯಪ್ ಬರೆಯುವ ಪ್ರೋಗ್ರಾಮಿಂಗ್ ಭಾಷೆಗಳು.) ಇದು ಸುಳ್ಳು. ಸುಮ್ನೆ ಗಾಬರಿಯಾಗಬೇಡಿ.

2019ರಲ್ಲಿ ಗೂಗಲ್ ಆಂಡ್ರಾಯ್ಡ್‌ನಲ್ಲಿ ಕಾಟ್ಲಿನ್‌ಗೆ ಮೊದಲ ಆದ್ಯತೆ ಎಂದಿತು, ಅಷ್ಟೇ. ಎರಡೂ ಭಾಷೆಯ ಕೋಡ್ ಕೊನೆಗೆ ಡೆಕ್ಸ್ ಫೈಲ್ (ಆಂಡ್ರಾಯ್ಡ್ ಓಡಿಸಬಲ್ಲ ರೂಪದ ಕೋಡ್) ಆಗಿಯೇ ಫೋನಿಗೆ ಹೋಗುತ್ತದೆ. ಒಂದೇ ಆ್ಯಪ್‌ನಲ್ಲಿ ಲಾಗಿನ್ ಪುಟ ಜಾವಾದಲ್ಲಿ, ಪೇಮೆಂಟ್ ಪುಟ ಕಾಟ್ಲಿನ್‌ನಲ್ಲಿ ಇರಬಹುದು.

ಪ್ಲೇ ಸ್ಟೋರ್ ನೋಡುವುದು ಭಾಷೆಯನ್ನಲ್ಲ, ಟಾರ್ಗೆಟ್ ಎಪಿಐ ಲೆವೆಲ್ ಅನ್ನು, ಅಂದರೆ ಆ್ಯಪ್ ಯಾವ ಆಂಡ್ರಾಯ್ಡ್ ಆವೃತ್ತಿಗೆ ತಯಾರಾಗಿದೆ ಎಂದು ಹೇಳುವ ಸಂಖ್ಯೆಯನ್ನು. 2025ರ ಆಗಸ್ಟ್ 31ರಿಂದ ಹೊಸ ಫೋನ್ ಆ್ಯಪ್‌ಗಳಿಗೆ, ಅಪ್‌ಡೇಟ್‌ಗಳಿಗೆ ಅದು ಕನಿಷ್ಠ 35 ಇರಬೇಕು. ಗೊಂದಲ ಇಲ್ಲಿಂದಲೇ ಹುಟ್ಟಿರಬಹುದು, ಅಲ್ವಾ?

ಹಾಗಂತ ಕಾಟ್ಲಿನ್ ಬಿಡಬೇಡಿ. ಆ್ಯಪ್‌ನ ಪುಟಗಳನ್ನು ಕಟ್ಟುವ ಗೂಗಲ್‌ನ ಟೂಲ್‌ಕಿಟ್ ಜೆಟ್‌ಪ್ಯಾಕ್ ಕಂಪೋಸ್‌ಗೆ ಅದು ಬೇಕೇ ಬೇಕು. ಹಳೇ ಪ್ರಾಜೆಕ್ಟ್‌ನ ಒಂದು ಚಿಕ್ಕ ಕ್ಲಾಸ್ (ಕೋಡ್‌ನ ಒಂದು ಘಟಕ) ಕಾಟ್ಲಿನ್‌ಗೆ ಬದಲಿಸಿ ಶುರುಮಾಡಿ.