ಉಪ್ಪು ಕೇಳಿದ ಹುಡುಗ, ಪುಸ್ತಕ ಮುಚ್ಚಿಸಿದ ಮೇಷ್ಟ್ರು

ಹಾಸ್ಟೆಲ್ ಹುಡುಗರೆಲ್ಲ ಊಟಕ್ಕೆ ಕೂತಿದ್ದಾರೆ. ಹೊಸದಾಗಿ ಸೇರಿದವನೊಬ್ಬ ಪಕ್ಕದವನಿಗೆ ಉಪ್ಪು ಈಚೆ ಕೊಡೋ ಅಂತಾನೆ. ಕೇಳಿದ್ದು ಮನೆಮಾತಿನಲ್ಲಿ, ಇಗ್ಬೋದಲ್ಲಿ. ಅಷ್ಟಕ್ಕೇ ಶಿಕ್ಷೆ ಬೀಳುತ್ತದೆ.

ಆ ಹುಡುಗ ಮುಂದೆ ದೊಡ್ಡ ಕಾದಂಬರಿಕಾರರಾದ ಚಿನುವ ಅಚೆಬೆ. ಶಾಲೆ ನೈಜೀರಿಯಾದ ಉಮುವಾಹಿಯಾ ಸರ್ಕಾರಿ ಕಾಲೇಜು. ಹೆಸರಿಗೆ ಕಾಲೇಜು, ಅಸಲಿಗೆ ಹೈಸ್ಕೂಲು. 1944ರಲ್ಲಿ ಸೇರಿದಾಗ ಅವರಿಗೆ ಹದಿಮೂರು ವರ್ಷ. ಅಲ್ಲಿ ತನಗೆ ಬಿದ್ದ ಮೊದಲ ಶಿಕ್ಷೆ ಇದೇ ಅಂತ ಅವರು ದೊಡ್ಡವರಾದ ಮೇಲೆ ನೆನೆಸಿಕೊಂಡಿದ್ದಾರೆ. ಇಗ್ಬೋದಲ್ಲಿ ಉಪ್ಪಿಗೆ ‘ನ್ನು’ ಅಂತಾರೆ. ಅಷ್ಟು ಸಣ್ಣ ಪದ.

ನನಗೆ ಇದು ಸುಮ್ನೆ ಓದಿ ಬಿಡುವ ವಿಷಯ ಆಗಲಿಲ್ಲ. ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಎರಡು ರೂಪಾಯಿ ಫೈನ್ ಇತ್ತು. ಕ್ಲಾಸ್ ಲೀಡರ್ ಹತ್ತಿರ ಒಂದು ಇನ್ನೂರು ಪೇಜಿನ ನೋಟ್‌ಬುಕ್. ಕನ್ನಡದ ಒಂದು ಮಾತಿಗೆ ಒಂದು ಗೆರೆ. ಆಟದಲ್ಲಿ ಮೊಣಕಾಲು ಕೆತ್ತಿಕೊಂಡು ಬಿದ್ದಾಗ ‘ಅಮ್ಮಾ’ ಅಂದಿದ್ದಕ್ಕೂ ಗೆರೆ ಎಳೆದಿದ್ದ, ಪಾಪಿ. ಹಾಗಾಗಿ ಉಮುವಾಹಿಯಾ ಬಗ್ಗೆ ಓದಲು ಶುರು ಮಾಡಿದಾಗ ನಾನು ಸಿಟ್ಟು ಮಾಡಿಕೊಳ್ಳಲು ರೆಡಿಯಾಗೇ ಇದ್ದೆ. ಆಮೇಲೆ ಆಗಿದ್ದೇ ಬೇರೆ.

ಉಮುವಾಹಿಯಾ ಇರುವುದು ನೈಜೀರಿಯಾದ ಆಗ್ನೇಯ ಭಾಗದಲ್ಲಿ, ಇಂದಿನ ಅಬಿಯಾ ರಾಜ್ಯದಲ್ಲಿ. 1929ರಲ್ಲಿ ರಾಬರ್ಟ್ ಫಿಶರ್ ಅನ್ನುವ ಪಾದ್ರಿ ಅಲ್ಲಿ ಶಿಕ್ಷಕರ ತರಬೇತಿ ಶಾಲೆ ತೆರೆದರು. ಮರುವರ್ಷ ಅದೇ ಹೈಸ್ಕೂಲಾಯಿತು. ಬ್ರಿಟನ್ನಿನ ಈಟನ್, ಹ್ಯಾರೋ ಶಾಲೆಗಳ ಅಚ್ಚು. ಹೌಸ್‌ಗಳು, ಪ್ರಿಫೆಕ್ಟ್‌ಗಳು, ಕ್ರಿಕೆಟ್ಟು, ಜೊತೆಗೆ ಲ್ಯಾಟಿನ್ನಿನಲ್ಲಿ ಒಂದು ಧ್ಯೇಯವಾಕ್ಯ: ‘ಇನ್ ಉನುಮ್ ಲುಸೆಯಂಟ್’. ಒಂದಾಗಿ ಬೆಳಗಲಿ ಅಂತ ಅರ್ಥ. ಆಫ್ರಿಕಾದ ಬಿಸಿಲಲ್ಲಿ ಹುಡುಗರಿಗೆ ಲ್ಯಾಟಿನ್! ಎರಡನೇ ಮಹಾಯುದ್ಧ ಬಂದಾಗ ಶಾಲೆಯನ್ನೇ ಮುಚ್ಚಿ, ಜರ್ಮನ್ ಮತ್ತು ಇಟಾಲಿಯನ್ ಬಂದಿಗಳನ್ನು ಕೂಡಿಹಾಕುವ ಕ್ಯಾಂಪ್ ಮಾಡಿದರು. ಯುದ್ಧ ಮುಗಿಯುವ ಮೊದಲೇ ಶಾಲೆ ಮತ್ತೆ ತೆರೆಯಿತು. ಆಮೇಲೆ ಪ್ರಿನ್ಸಿಪಾಲರಾಗಿ ಬಂದವರು ವಿಲಿಯಂ ಸಿಂಪ್ಸನ್.

ಈ ಸಿಂಪ್ಸನ್ ಕಥೆ ಹೇಳಲೇಬೇಕು. ಕೇಂಬ್ರಿಜ್‌ನಲ್ಲಿ ಓದಿದ ಗಣಿತದ ಮೇಷ್ಟ್ರು. ಗಣಿತದವರು ಅಂದಮೇಲೆ ಹುಡುಗರನ್ನು ಲೆಕ್ಕದಲ್ಲಿ ಅರೆದು ಹಾಕಿರಬೇಕು ಅಂದುಕೊಂಡೆ. ಮನುಷ್ಯ ಮಾಡಿದ್ದು ಪೂರ್ತಿ ಉಲ್ಟಾ. ಮಕ್ಕಳು ಪಠ್ಯಪುಸ್ತಕಕ್ಕೆ ಅತಿಯಾಗಿ ಅಂಟಿಕೊಂಡರೆ ಅಪಾಯ ಅನ್ನುವುದು ಅವರ ನಂಬಿಕೆ. ಅದಕ್ಕೆ ಒಂದು ಕಾನೂನನ್ನೇ ತಂದರು. ವಾರದಲ್ಲಿ ಮೂರು ದಿನ, ಕ್ಲಾಸ್ ಮುಗಿದ ಮೇಲೆ ಗೊತ್ತಾದ ಹೊತ್ತಿನಲ್ಲಿ ಯಾರೂ ಪಠ್ಯಪುಸ್ತಕ ಮುಟ್ಟುವ ಹಾಗಿಲ್ಲ. ಕಾದಂಬರಿ ಓದಬಹುದು, ಯಾರದ್ದಾದರೂ ಜೀವನಚರಿತ್ರೆ ಓದಬಹುದು, ಮ್ಯಾಗಜೀನ್ ತಿರುವಬಹುದು, ಮನೆಗೆ ಕಾಗದ ಬರೆಯಬಹುದು, ಪಿಂಗ್‌ಪಾಂಗ್ ಆಡಬಹುದು. ಏನೂ ಬೇಡವಾದರೆ ಸುಮ್ನೆ ಕೂತಿರಬಹುದು. ಪಠ್ಯಪುಸ್ತಕ ತೆರೆದು ಸಿಕ್ಕಿಬಿದ್ದರೆ ಮಾತ್ರ ಶಿಕ್ಷೆ!

ಉಪ್ಪು ಕೇಳಿದ್ದಕ್ಕೆ ಶಿಕ್ಷೆ ಕೊಟ್ಟ ಶಾಲೆಯಲ್ಲೇ, ಪಠ್ಯ ಓದಿದ್ದಕ್ಕೂ ಶಿಕ್ಷೆ. ನಾನು ಇದನ್ನು ಎರಡು ಸಲ ಓದಿದೆ.

ಪಠ್ಯ ಮುಚ್ಚಿದರೆ ತೆರೆಯಲು ಬೇರೆ ಪುಸ್ತಕ ಇರಬೇಕಲ್ವಾ? ಇತ್ತು. ಫಿಶರ್ ಕಾಲದಿಂದ ಕೂಡಿಸಿಕೊಂಡು ಬಂದ ಒಳ್ಳೆಯ ಲೈಬ್ರರಿ ಇತ್ತು. ಹಳ್ಳಿಯಿಂದ ಬಂದ ಹುಡುಗರು ಅಲ್ಲಿಂದ ಒಂದೊಂದೇ ಕಾದಂಬರಿ ಎತ್ತಿಕೊಂಡು ಹೋಗುತ್ತಿದ್ದರು. ಆಫ್ರಿಕಾದ ಬಗ್ಗೆ ಬಿಳಿಯರು ಬರೆದ ಸಾಹಸ ಕಥೆಗಳೂ ಅಲ್ಲಿದ್ದವು. ಅವನ್ನು ಓದುವಾಗ ಹುಡುಗ ಅಚೆಬೆ ಬಿಳಿಯರ ಪಕ್ಷವನ್ನೇ ಹಿಡಿಯುತ್ತಿದ್ದರಂತೆ. ಬಿಳಿ ಸಾಹಸಿಗಳು ಒಳ್ಳೆಯವರು, ಎದುರಿಗೆ ಬರುವ ಕಾಡುಜನ ಕೆಟ್ಟವರು. ಆ ಕಾಡುಜನ ಅಂದರೆ ತಾನೇ ಅಂತ ಗೊತ್ತಾಗಿದ್ದು ಬಹಳ ತಡವಾಗಿ. ಗೊತ್ತಾದ ಮೇಲೆ ಬಂದಿದ್ದು ಅವರ 1958ರ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’.

ನಮ್ಮ ಶಾಲೆಯಲ್ಲೂ ಲೈಬ್ರರಿ ಪಿರಿಯಡ್ ಇತ್ತು, ಟೈಮ್‌ಟೇಬಲ್‌ನಲ್ಲಿ. ಪ್ರತಿ ಸಲವೂ ಗಣಿತದ ಮೇಷ್ಟ್ರು ಬಂದು ‘ಪೋರ್ಷನ್ ಮುಗಿದಿಲ್ಲ’ ಅಂತ ಅದನ್ನು ಕಿತ್ತುಕೊಳ್ಳುತ್ತಿದ್ದರು. ಗಾಜಿನ ಬೀರುವಿಗೆ ಬೀಗ, ಒಳಗೆ ಪುಸ್ತಕ. ಬೆನ್ನು ಮಾತ್ರ ಓದಿದ್ದೇವೆ.

ಆ ಒಂದು ಶಾಲೆಯಿಂದ ಯಾರ್ಯಾರು ಬಂದರು ನೋಡಿ. ಅಚೆಬೆ ಸರಿ. ಕವಿ ಕ್ರಿಸ್ಟೋಫರ್ ಒಕಿಗ್ಬೋ. ಕವಿ ಗೇಬ್ರಿಯಲ್ ಒಕಾರ. ಕಾದಂಬರಿಕಾರರಾದ ಎಲೆಚಿ ಅಮಾಡಿ, ಚುಕ್ವುಎಮೆಕಾ ಇಕೆ. ಬರಹಗಾರ ಕೆನ್ ಸಾರೋ-ವಿವಾ. ಶಿಲ್ಪಿ ಬೆನ್ ಎನ್ವೊನ್ವು ಕೂಡ ಇಲ್ಲಿ ಕೆನೆತ್ ಮರೆ ಅನ್ನುವ ಕಲಾ ಮೇಷ್ಟ್ರ ಕೈಕೆಳಗೆ ಕಲಿತವರು. ಇಷ್ಟು ಬರಹಗಾರರು ಒಂದೇ ಶಾಲೆಯವರಾಗಿದ್ದು ಕಾಕತಾಳೀಯ ಇದ್ದರೂ ಇರಬಹುದು ಅಂತ ಅಚೆಬೆ ಒಂದು ಪ್ರಬಂಧದಲ್ಲಿ ಹೇಳುತ್ತಾರೆ. ಆದರೆ ಹೇಳುವ ಧಾಟಿ ನೋಡಿದರೆ ಅವರಿಗೇ ಅದರಲ್ಲಿ ನಂಬಿಕೆ ಇದ್ದ ಹಾಗಿಲ್ಲ.

‘ನೋಡಿ, ಕಟ್ಟುನಿಟ್ಟಾಗಿ ಇಂಗ್ಲಿಷ್ ಕಲಿಸಿದ್ದಕ್ಕೇ ಇಷ್ಟು ಜನ ಬಂದರು’ ಅನ್ನುವವರು ಇದ್ದೇ ಇರುತ್ತಾರೆ. ನಾನು ಒಪ್ಪುವುದಿಲ್ಲ. ಇಂಗ್ಲಿಷ್ ಮಾತ್ರ ಮಾತಾಡಿ ಅನ್ನುವ ರೂಲು ಬ್ರಿಟಿಷರು ಆಳಿದ ಎಷ್ಟೋ ಕಡೆ ಇತ್ತು. ನಮ್ಮ ಗಲ್ಲಿಯ ಶಾಲೆಯಲ್ಲೂ ಇತ್ತು, ಎರಡು ರೂಪಾಯಿಗೆ. ಅಲ್ಲೆಲ್ಲ ಅಚೆಬೆಗಳು ಹುಟ್ಟಲಿಲ್ಲ. ಬೇರೆ ಕಡೆ ಇಲ್ಲದೆ ಇಲ್ಲಿ ಇದ್ದದ್ದು ತೆರೆದ ಬೀರು, ಮತ್ತು ಅದರ ಮುಂದೆ ಕೂರಲು ಬಿಡುವು. ಫೈನ್ ಹಾಕಲು ಮೇಷ್ಟ್ರೇ ಬೇಕಿಲ್ಲ, ನೋಟ್‌ಬುಕ್ ಹಿಡಿದ ಒಬ್ಬ ಲೀಡರ್ ಸಾಕು. ಬಿಡುವು ಕೊಡಲು ಮಾತ್ರ ಸಿಂಪ್ಸನ್ ತರಹದ ಗಟ್ಟಿಗ ಬೇಕು.

ಇಷ್ಟಕ್ಕೇ ನಿಲ್ಲಿಸಿ ಪೋಸ್ಟ್ ಹಾಕಿಬಿಡೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಸಾರೋ-ವಿವಾ ಅಡ್ಡ ಬಂದರು.

ಅವರು ಉಮುವಾಹಿಯಾಕ್ಕೆ ಬಂದಿದ್ದು 1954ರಲ್ಲಿ, ಸ್ಕಾಲರ್‌ಶಿಪ್ ಪಡೆದು. ನೈಜರ್ ನದಿಯ ಮುಖಜ ಭೂಮಿಯ ಓಗೋನಿ ಅನ್ನುವ ಸಣ್ಣ ಸಮುದಾಯದವರು. ಇಡೀ ಶಾಲೆಗೆ ಒಬ್ಬನೇ ಓಗೋನಿ ಹುಡುಗ. ಸುತ್ತ ಇಗ್ಬೋದವರೇ ಜಾಸ್ತಿ. ಆ ಇಂಗ್ಲಿಷ್ ರೂಲಿನ ಬಗ್ಗೆ ಅವರು ಬರೆದಿದ್ದು ಅಚೆಬೆಗೆ ಪೂರ್ತಿ ವಿರುದ್ಧ. ಆ ನಿಯಮ ಇದ್ದಿದ್ದರಿಂದಲೇ ನಮ್ಮಂಥ ಹುಡುಗರು ಅಲ್ಲಿ ಕಳೆದುಹೋಗಲಿಲ್ಲ ಅನ್ನುತ್ತಾರೆ. ಎಲ್ಲರೂ ಇಂಗ್ಲಿಷ್ ಆಡಿದ್ದಕ್ಕೆ ತಾನೂ ಗುಂಪಿನಲ್ಲಿ ಒಬ್ಬನಾದೆ ಅಂತ.

ಇದನ್ನು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಪಿಯುಸಿ ಹಾಸ್ಟೆಲ್‌ನಲ್ಲಿ ನಮ್ಮ ರೂಮಿನಲ್ಲಿ ಒಬ್ಬ ಕೊಡವ ಹುಡುಗ ಇದ್ದ. ಅವನು ಕೊಡವ ತಕ್ಕ್ ಆಡುತ್ತಿದ್ದದ್ದು ಭಾನುವಾರ ಮನೆಗೆ ಫೋನ್ ಮಾಡಿದಾಗ ಮಾತ್ರ, ಅದೂ ಕಾರಿಡಾರಿನ ತುದಿಗೆ ಹೋಗಿ. ನಾವು ಐದು ಜನ ಕನ್ನಡದಲ್ಲಿ ಹರಟೆ ಹೊಡೆಯುತ್ತಾ ಅವನ ಮಾತನ್ನು ಅಣಕಿಸುತ್ತಿದ್ದೆವು. ಎರಡು ರೂಪಾಯಿ ಫೈನ್ ಕಟ್ಟಿ ನೊಂದ ನಾನೂ ಅದರಲ್ಲಿ ಸೇರಿದ್ದೆ. ಊಟದ ಸಾಲಿನಲ್ಲಿ ಉಪ್ಪು ಕೇಳುವವನು ಯಾರು, ಅವನ ಮಾತು ಅರ್ಥವಾಗದೆ ಪಕ್ಕದಲ್ಲಿ ಕೂತವನು ಯಾರು ಅನ್ನುವುದರ ಮೇಲೆ ರೂಲಿನ ಬಣ್ಣ ಬದಲಾಗುತ್ತದೆ. ಹಾಗಂತ ಶಿಕ್ಷೆ ಸರಿ ಅಂತ ನಾನು ಹೇಳುತ್ತಿಲ್ಲ. ಅಚೆಬೆಗೆ ಆಗಿದ್ದು ಅನ್ಯಾಯವೇ. ಅದಕ್ಕೂ ಇದಕ್ಕೂ ರಾಜಿ ಮಾಡಿಸಲು ನನಗೆ ಬರುವುದಿಲ್ಲ.

ತಮಾಷೆ ಅಂದರೆ ಮುಂದೆ ಆಗಿದ್ದು. ಶಿಕ್ಷೆ ತಿಂದ ಅಚೆಬೆ ಅದೇ ಇಂಗ್ಲಿಷಿನಲ್ಲಿ ಬರೆದರು, ಆದರೆ ಇಗ್ಬೋ ಗಾದೆಗಳನ್ನೂ ಹಳ್ಳಿ ಹಿರಿಯರ ಮಾತಿನ ಲಯವನ್ನೂ ಅದರೊಳಗೆ ತುಂಬಿದರು. ರೂಲನ್ನು ಹೊಗಳಿದ ಸಾರೋ-ವಿವಾ 1985ರಲ್ಲಿ ‘ಸೋಜಾಬಾಯ್’ ಬರೆದು, ಇದು ‘ಕೊಳೆತ ಇಂಗ್ಲಿಷಿನ’ ಕಾದಂಬರಿ ಅಂತ ಮುಖಪುಟದಲ್ಲೇ ಹಾಕಿಸಿದರು. ಉಮುವಾಹಿಯಾದ ಇಂಗ್ಲಿಷ್ ಮೇಷ್ಟ್ರಿಗೆ ತೋರಿಸಿದ್ದರೆ ಪ್ರತಿ ಸಾಲಿಗೂ ಕೆಂಪು ಶಾಯಿ ಬೀಳುತ್ತಿತ್ತು.

ಒಂದಾಗಿ ಬೆಳಗಲಿ ಅಂತ ಲ್ಯಾಟಿನ್ನಿನಲ್ಲಿ ಕಲಿತವರು 1967ರಲ್ಲಿ ಎರಡಾದರು. ನೈಜೀರಿಯಾದ ಆಗ್ನೇಯ ಭಾಗ ಬಿಯಾಫ್ರಾ ಅಂತ ಬೇರೆ ದೇಶವಾಗಲು ಹೊರಟಾಗ ನಡೆದ ಯುದ್ಧ. ಅಚೆಬೆ ಬಿಯಾಫ್ರಾ ಪರ ಊರೂರು ಸುತ್ತಿದರು. ಒಕಿಗ್ಬೋ ಕೋವಿ ಹಿಡಿದು ಹೋಗಿ ಮೊದಲ ವರ್ಷವೇ ರಣರಂಗದಲ್ಲಿ ಸತ್ತರು. ಸಾರೋ-ವಿವಾ ಮತ್ತು ಅಮಾಡಿ ನೈಜೀರಿಯಾ ಸರ್ಕಾರದ ಕಡೆ. ಮೊದಲ ರಾಜಧಾನಿ ಎನುಗು ಬಿದ್ದ ಮೇಲೆ ಬಿಯಾಫ್ರಾದ ರಾಜಧಾನಿಯಾಗಿದ್ದು ಇದೇ ಉಮುವಾಹಿಯಾ ಊರು. 1969ರ ಏಪ್ರಿಲ್‌ನಲ್ಲಿ ಅದೂ ಬಿತ್ತು. ಸಾರೋ-ವಿವಾ ಯಾವ ದೇಶದ ಪರ ನಿಂತಿದ್ದರೋ ಅದೇ ದೇಶದ ಮಿಲಿಟರಿ ಸರ್ಕಾರ, ಓಗೋನಿಗಳ ನೆಲದಲ್ಲಿ ತೈಲದ ಗಲೀಜಿನ ವಿರುದ್ಧ ದನಿ ಎತ್ತಿದ ಅವರನ್ನು 1995ರ ನವೆಂಬರ್ 10ರಂದು ಇನ್ನೂ ಎಂಟು ಜನರ ಜೊತೆ ಗಲ್ಲಿಗೇರಿಸಿತು.

ಯುದ್ಧದ ನಂತರ ಶಾಲೆ ನಿಧಾನಕ್ಕೆ ಸೊರಗಿತು. ಎಷ್ಟೋ ವರ್ಷ ದುರಸ್ತಿ ಇಲ್ಲ. ಈಚಿನ ವರ್ಷಗಳಲ್ಲಿ ಹಳೆ ವಿದ್ಯಾರ್ಥಿಗಳು ಟ್ರಸ್ಟ್ ಕಟ್ಟಿಕೊಂಡು ಅಬಿಯಾ ಸರ್ಕಾರದಿಂದ ಶಾಲೆಯ ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಂಡರು. ಟ್ರಸ್ಟಿಗೆ ಫಿಶರ್ ಹೆಸರಿಟ್ಟಿದ್ದಾರೆ. ಇರಲಿ, ಲೈಬ್ರರಿಗೆ ಬುನಾದಿ ಹಾಕಿದ ಮನುಷ್ಯ.

ನನ್ನನ್ನು ಯಾರೂ ಕೇಳುವುದಿಲ್ಲ, ಆದರೂ ಒಂದು ಹೇಳಿಬಿಡುತ್ತೇನೆ. ಊಟದ ಮನೆಯ ಒಂದು ಮೇಜಿನ ಮೇಲೆ ಉಪ್ಪಿನ ಡಬ್ಬಿ ಇಟ್ಟು, ಅದರ ಮೇಲೆ ದೊಡ್ಡದಾಗಿ ‘ನ್ನು’ ಅಂತ ಬರೆಸಲಿ. ಪಕ್ಕದಲ್ಲಿ ಕೂತ ಓಗೋನಿ ಹುಡುಗನಿಗೂ ಗೊತ್ತಾಗಬೇಕಲ್ಲ, ಕೆಳಗೆ ಸಣ್ಣದಾಗಿ ಇಂಗ್ಲಿಷಿನಲ್ಲೂ ಬರೆಸಲಿ.