ದೊಡ್ಡಪ್ಪನ ಅಡ್ಡಗೆರೆ

ಶಿರಸಿ ಕಡೆಯ ಹೈಸ್ಕೂಲೊಂದರಲ್ಲಿ ಕನ್ನಡ ಪಂಡಿತರಾಗಿ ನಿವೃತ್ತರಾದ ನಮ್ಮ ದೊಡ್ಡಪ್ಪ, ಗೂಗಲ್‌ಗೆ ಪ್ರಶ್ನೆ ಹಾಕುವಾಗಲೂ ಲೇಖನ ಚಿಹ್ನೆಗಳನ್ನು ಬಿಟ್ಟವರಲ್ಲ. ‘ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿಡುವ ಕ್ರಮ ಹೇಗೆ?’ ಎಂದು ಪೂರ್ಣ ವಾಕ್ಯ ಬರೆದು, ಒಮ್ಮೆ ಓದಿ, ಅಲ್ಪವಿರಾಮವೇನಾದರೂ ಬೇಕೇ ಎಂದು ಯೋಚಿಸಿದ ಮೇಲೆಯೇ ಅವರು ಗುಂಡಿ ಒತ್ತುವುದು. ಶೋಧಯಂತ್ರವೋ, ಜಾಲದ ಪುಟಗಳ ಸೂಚಿ ತಯಾರಿಸುವಾಗಲೇ ಬರಹವನ್ನು ಪದಗಳಾಗಿ ಬಿಡಿಸಿಕೊಂಡು, ಸುಲಿದ ಅಡಿಕೆಯ ಸಿಪ್ಪೆಯಂತೆ ಹೆಚ್ಚಿನ ಚಿಹ್ನೆಗಳನ್ನು ಅಂಗಳಕ್ಕೆ ಎಸೆದಿರುತ್ತದೆ. ಆದ್ದರಿಂದ ದೊಡ್ಡಪ್ಪನ ಪ್ರಶ್ನಾರ್ಥಕಕ್ಕೆ ಅಲ್ಲಿ ಯಾವ ಮರ್ಯಾದೆಯೂ ಇಲ್ಲ. ಇದನ್ನು ಅವರಿಗೆ ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಎಲ್ಲ ಚಿಹ್ನೆಗಳನ್ನೂ ಹೀಗೆ ಎಸೆದಿದ್ದರೆ ತೊಂದರೆಯೇ ಇರುತ್ತಿರಲಿಲ್ಲ. ಕೆಲವನ್ನು ಮಾತ್ರ ಯಂತ್ರವು ಆಜ್ಞೆಯೆಂದು ಶಿರಸಾವಹಿಸುತ್ತದೆ. ಕುಮಟಾದ ಮದುವೆಯೊಂದಕ್ಕೆ ಹೊರಡುವ ಮುನ್ನ ದೊಡ್ಡಪ್ಪ ‘ಶಿರಸಿ -ಕುಮಟಾ ಬಸ್ಸುಗಳ ಸಮಯ’ ಎಂದು ಬರೆದರು. ಅಡ್ಡಗೆರೆಯ ಹಿಂದೆ ಜಾಗವಿದ್ದು ಮುಂದೆ ಪದವು ಅಂಟಿಕೊಂಡಿದ್ದರೆ, ಆ ಪದವಿರುವ ಪುಟಗಳನ್ನೆಲ್ಲ ತೆಗೆದುಹಾಕೆಂದು ಅರ್ಥ. ಹುಬ್ಬಳ್ಳಿಯ ಬಸ್ಸು ಬಂತು, ಸಿದ್ದಾಪುರದ್ದು ಬಂತು, ಯಲ್ಲಾಪುರದ್ದೂ ಬಂತು. ಕುಮಟಾದ ಸುಳಿವೇ ಇಲ್ಲ. “ತಮಾ, ದೇವಿಮನೆ ಘಟ್ಟ ಇಳಿಯೋ ಬಸ್ಸೆಲ್ಲಾ ನಿಂತೇ ಹೋತನಾ?” ಎಂದು ಅವರು ಗಾಬರಿಯಿಂದ ನನ್ನನ್ನು ಕರೆದರು. ಅದೇ ವಾರ ‘ಅಡಿಕೆ ಧಾರಣೆ -ಚಾಲಿ’ ಎಂದು ಹುಡುಕಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂಬ ಬೇರೆ ಬಗೆಯ ಅಡಿಕೆಗಳ ದರ ಮಾತ್ರ ಕಂಡದ್ದರಿಂದ, ವ್ಯಾಪಾರಿಗಳು ಚಾಲಿಯ ದರವನ್ನು ಬೇಕೆಂದೇ ಮುಚ್ಚಿಟ್ಟಿದ್ದಾರೆಂದು ಊರೆಲ್ಲ ಹೇಳಿಕೊಂಡು ಬಂದರು.

ಉದ್ಧರಣ ಚಿಹ್ನೆಯದು ಇನ್ನೊಂದು ಕಥೆ. ಜೋಡಿ ಉದ್ಧರಣದೊಳಗೆ ಇಟ್ಟದ್ದನ್ನು ಯಂತ್ರವು ಅದೇ ಪದಗಳಲ್ಲಿ, ಅದೇ ಕ್ರಮದಲ್ಲಿ ಹುಡುಕುತ್ತದೆ. ದೊಡ್ಡಪ್ಪ ತಮ್ಮ ಪ್ರಶ್ನೆಯನ್ನು ಇಡಿಯಾಗಿ ಅದರೊಳಗಿಟ್ಟು, ಒಂದು ಫಲಿತಾಂಶವೂ ಬಾರದಿದ್ದಾಗ, ಜಾಲದಲ್ಲಿ ಶುದ್ಧ ಕನ್ನಡ ಬರೆಯುವವರು ತಮ್ಮನ್ನು ಬಿಟ್ಟರೆ ಯಾರೂ ಇಲ್ಲವೆಂಬ ತೀರ್ಮಾನಕ್ಕೆ ಬಂದರು. ಇದರಿಂದ ಅವರಿಗೆ ದುಃಖವಾದಂತೆ ನನಗೆ ಕಾಣಲಿಲ್ಲ.

ನಿಯಮಗಳಾದರೂ ಸ್ಥಿರವಾಗಿವೆಯೇ ಎಂದರೆ ಅದೂ ಇಲ್ಲ. ಪದವೊಂದು ಇರಲೇಬೇಕೆಂದು ಒತ್ತಾಯಿಸುತ್ತಿದ್ದ ಅಧಿಕ (+) ಚಿಹ್ನೆಯನ್ನು ಗೂಗಲ್ 2011ರಲ್ಲಿ ಆ ಕೆಲಸದಿಂದ ಬಿಡಿಸಿ, ಹೊಣೆಯನ್ನು ಉದ್ಧರಣಕ್ಕೆ ವಹಿಸಿತು. ಆದರೂ ಸಿ++ ಎಂಬ ಗಣಕಭಾಷೆಯ ಹೆಸರಿನಲ್ಲಿರುವ ಅಧಿಕ ಚಿಹ್ನೆಗಳನ್ನು ಅದು ಗುರುತಿಸುತ್ತದೆ. ದೊಡ್ಡಪ್ಪನ ದೃಷ್ಟಿಯಲ್ಲಿ ಇದು ಶುದ್ಧ ಪಕ್ಷಪಾತ.

ಕೊನೆಗೆ ನಾನೇ ಅಡ್ಡಗೆರೆಯ ಗುಟ್ಟನ್ನು ಬಿಡಿಸಿ ಹೇಳಿದೆ. ಅಂದಿನಿಂದ ಅವರು ‘ತಂಬುಳಿ -ಬೆಳ್ಳುಳ್ಳಿ -ಈರುಳ್ಳಿ’ ಎಂದು ಹುಡುಕಿ, ಮಡಿಗೆ ಭಂಗವಿಲ್ಲದ ಅಡುಗೆಯನ್ನಷ್ಟೇ ನೋಡುತ್ತಿದ್ದಾರೆ. ‘ತಂಬುಳಿಗೆ ಬೆಳ್ಳುಳ್ಳಿ ಹಾಕಲೇಬಾರದು’ ಎಂದು ಕಟ್ಟುನಿಟ್ಟಾಗಿ ಬರೆದವರ ಪುಟಗಳೂ ಆ ಪದದ ದೆಸೆಯಿಂದಲೇ ಮಾಯವಾಗುತ್ತವೆಂಬುದನ್ನು ಮಾತ್ರ ನಾನಿನ್ನೂ ಅವರಿಗೆ ಹೇಳಿಲ್ಲ.