ಹಾಲ್ ನಡುವೆ ದಿವಾನರು

"ಕಾಲು ಹುಷಾರು, ಕಾಲು!" ಎಂದು ಮಾವನವರು ಎರಡನೇ ಮಹಡಿಯ ತಿರುವಿನಲ್ಲಿ ನಿಂತು ಕೂಗಿದರು.

"ಪರವಾಗಿಲ್ಲ ಯಜಮಾನ್ರೇ, ಶೂ ಹಾಕಿದೀನಿ" ಎಂದ ಕೆಳಗಿನ ತುದಿ ಹಿಡಿದಿದ್ದ ಹುಡುಗ.

"ನಿಂದಲ್ಲಪ್ಪಾ, ದಿವಾನ್‌ದು!"

ಹನುಮಂತನಗರದ ಬಾಡಿಗೆ ಮನೆಯಿಂದ ಕನಕಪುರ ರಸ್ತೆಯ ಸ್ವಂತ ಫ್ಲ್ಯಾಟಿಗೆ ನಾವು ಬಂದಿಳಿದದ್ದು ಹೀಗೆ. ಫ್ರಿಜ್ಜು, ಬೀರು, ವಾಷಿಂಗ್ ಮೆಷೀನು ಎಲ್ಲ ಲಿಫ್ಟಿನಲ್ಲಿ ರಾಜಮರ್ಯಾದೆಯಿಂದ ಮೇಲೆ ಹೋದವು. ಆರಡಿ ಉದ್ದ, ಮೂರಡಿ ಅಗಲದ ತೇಗದ ದಿವಾನ್ ಕಾಟ್ ಮಾತ್ರ ಹೇಗೆ ತಿರುಗಿಸಿದರೂ ಲಿಫ್ಟಿನೊಳಗೆ ಹೋಗಲಿಲ್ಲ. ನಾಲ್ಕು ಮಹಡಿ ಮೆಟ್ಟಿಲು ಹತ್ತಿಯೇ ಬಂತು. ಬಿಚ್ಚಿ ತರಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. "ಇದರಲ್ಲಿ ಒಂದೇ ಒಂದು ಮೊಳೆ ಇಲ್ಲಮ್ಮಾ, ಎಲ್ಲ ಬೆಣೆ" ಎಂದರು ಮಾವ. ತಮ್ಮ ಕುಲದ ಬಗ್ಗೆ ಹೇಳುವಾಗಲೂ ಅವರ ದನಿಯಲ್ಲಿ ಅಷ್ಟು ಹೆಮ್ಮೆ ಇರುವುದಿಲ್ಲ.

ಈ ದಿವಾನನ್ನು ಅವರು ಮಾಡಿಸಿದ್ದು 1984ರಲ್ಲಿ. ವಿಶ್ವೇಶ್ವರಯ್ಯನವರೇ 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದು, ಆರು ವರ್ಷಕ್ಕೆ ಸಾಕೆಂದು ರಾಜೀನಾಮೆ ಕೊಟ್ಟರು. ಮಿರ್ಜಾ ಇಸ್ಮಾಯಿಲ್ ಅವರು 1926ರಿಂದ 1941ರವರೆಗೆ, ಹದಿನೈದು ವರ್ಷಕ್ಕೆ ಮುಗಿಸಿದರು. ನಮ್ಮ ಮನೆಯ ದಿವಾನ್ ಇನ್ನೂ ಅಧಿಕಾರದಲ್ಲಿದೆ. ಹಳೇ ಮನೆಯಲ್ಲಿ ಅದನ್ನು ಎತ್ತಿದಾಗ ಕೆಂಪು ಗಾರೆ ನೆಲದ ಮೇಲೆ ನಾಲ್ಕು ದುಂಡನೆಯ ಗುರುತು ಕಾಣಿಸಿತು. ಅದರ ಅಡಿಯ ನೆಲ ಮಾತ್ರ ನಿನ್ನೆ ಪಾಲಿಶ್ ಮಾಡಿದ ಹಾಗೆ ಹೊಳೆಯುತ್ತಿತ್ತು. ನಲವತ್ತು ವರ್ಷದಲ್ಲಿ ಒಂದು ದಿನವೂ ಅದು ಎಲ್ಲಿರಬೇಕು ಎಂಬ ಪ್ರಶ್ನೆಯೇ ಎದ್ದಿರಲಿಲ್ಲ. ಏಳುವ ಹಾಗೂ ಇರಲಿಲ್ಲ. ನಡುಮನೆಗೆ ನಾಲ್ಕು ಗೋಡೆ, ಅದರಲ್ಲಿ ಮೂರಕ್ಕೆ ಬಾಗಿಲು, ಉಳಿದ ಒಂದಕ್ಕೆ ದಿವಾನ್.

ಹೊಸ ಮನೆಯ ತಾಪತ್ರಯವೇ ಅದು. ಗೋಡೆ ಇಲ್ಲ.

"ಓಪನ್ ಪ್ಲಾನ್ ಮೇಡಂ. ಲಿವಿಂಗು, ಡೈನಿಂಗು, ಕಿಚನ್ನು ಎಲ್ಲ ಒಂದೇ" ಎಂದು ಮಾರುವಾಗ ಆ ಹುಡುಗ ಎರಡೂ ಕೈ ಚಾಚಿ ತೋರಿಸಿದ್ದ. ಖಾಲಿ ಇದ್ದಾಗ ನಮಗೂ ಅದು ಅರಮನೆ ಮೈದಾನದಂತೆಯೇ ಕಂಡಿತ್ತು. ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ಎಂಬ ವಾಸ್ತುಶಿಲ್ಪಿ ನೂರು ವರ್ಷಕ್ಕೂ ಹಿಂದೆ, ಕೋಣೆಗಳೆಂದರೆ ಡಬ್ಬಗಳು ಎಂದು ಬೇಸರಪಟ್ಟು ಒಳಗೋಡೆಗಳನ್ನು ಕಡಿಮೆ ಮಾಡುತ್ತ ಹೋದನಂತೆ. ಇರಲಿ, ಪಾಪ. ಆತನ ಮನೆಯಲ್ಲಿ ಯಾರೂ ಗುಂಟೂರು ಮೆಣಸಿನಕಾಯಿ ಒಗ್ಗರಣೆ ಹಾಕಿರಲಿಕ್ಕಿಲ್ಲ. ನಮ್ಮಲ್ಲಿ ಅತ್ತೆ ಮೊದಲ ದಿನ ಸಾರಿಗೆ ಒಗ್ಗರಣೆ ಕೊಟ್ಟಾಗ, ಇಪ್ಪತ್ತು ಅಡಿ ಆಚೆ ಟೀವಿ ಮುಂದೆ ಕೂತಿದ್ದ ನಾಲ್ವರೂ ಒಟ್ಟಿಗೆ ಕೆಮ್ಮಿದೆವು. ಚಿಮ್ನಿ ಹಾಕಿದರೆ ಟೀವಿ ಕೇಳಿಸುವುದಿಲ್ಲ, ಟೀವಿ ಕೇಳಿಸಬೇಕೆಂದರೆ ಕೆಮ್ಮಬೇಕು.

ಇವರು ಮನೆಯಿಂದ ಕೆಲಸ ಮಾಡುವ ದಿನ ಡೈನಿಂಗ್ ಟೇಬಲ್ಲೇ ಆಫೀಸು. ಒಂದು ಬೆಳಗ್ಗೆ ಗುರುಗ್ರಾಮದ ಮ್ಯಾನೇಜರ್ ಜೊತೆ ಗಂಭೀರವಾದ ಮೀಟಿಂಗ್ ನಡೆಯುತ್ತಿತ್ತು. ಕುಕ್ಕರ್ ಕೂಗಿತು. ಯಾರೂ ಏಳಲಿಲ್ಲ. ಇನ್ನೊಂದು ಸಲ ಕೂಗಿತು, ಮತ್ತೊಂದು ಸಲ ಕೂಗಿತು. ಕೊನೆಗೆ ಆ ಮನುಷ್ಯನೇ ಲ್ಯಾಪ್‌ಟಾಪಿನೊಳಗಿಂದ ಹಿಂದಿಯಲ್ಲಿ ಹೇಳಿದ: ಮೂರಾಯಿತು, ಅನ್ನವಾಗಿದ್ದರೆ ಆರಿಸಿ.

ಇನ್ನು ಸಾಮಾನು ಜೋಡಿಸುವ ಕಥೆ.

ನಮ್ಮ ಹಾಲ್ ಅಳತೆ ಇಪ್ಪತ್ತನಾಲ್ಕಕ್ಕೆ ಹನ್ನೊಂದು. ನೆಲಕ್ಕೆ ಎರಡಡಿಗೆ ಎರಡಡಿ ಟೈಲ್ಸ್. ಹಾಗಾಗಿ ಉದ್ದಕ್ಕೆ ಹನ್ನೆರಡು ಟೈಲು, ಅಗಲಕ್ಕೆ ಐದೂವರೆ. ಇವರಿಗೆ ಇಡೀ ನೆಲವೇ ಗ್ರಾಫ್ ಶೀಟಿನಂತೆ ಕಂಡದ್ದು ನಮ್ಮ ದುರದೃಷ್ಟ. ಟೇಪು ಹಿಡಿದು ಕೂತರು. ಓಡಾಡುವ ದಾರಿ ಎಂದರೆ ಮೂರಡಿ ಬಿಡಬೇಕು, ಸೋಫಾಕ್ಕೂ ಟೀಪಾಯಿಗೂ ನಡುವೆ ಒಂದೂವರೆ ಅಡಿ ಇರಬೇಕು ಎಂದು ಎಲ್ಲೆಲ್ಲೋ ನೋಡಿ ಬರೆದುಕೊಂಡಿದ್ದರು. ಸೋಫಾ ಒರಗಿಸಲು ಗೋಡೆ ಬೇಕಲ್ಲ? ಉತ್ತರದ ಗೋಡೆಯಲ್ಲಿ ಬಿಲ್ಡರ್ ಟೀವಿ ಪಾಯಿಂಟ್ ಕೊಟ್ಟುಬಿಟ್ಟಿದ್ದಾನೆ. ಎದುರು ಬದಿ ಅರ್ಧ ಅಡುಗೆಮನೆ ಕಟ್ಟೆ, ಅರ್ಧ ರೂಮಿನ ಬಾಗಿಲುಗಳು. ಸರಿ, ಸೋಫಾ ನಡುವಲ್ಲೇ ನಿಲ್ಲಲಿ ಎಂದು ಲೆಕ್ಕ ಹಾಕಿದರು. ಟೀವಿ ಸ್ಟ್ಯಾಂಡ್ ಒಂದೂವರೆ ಅಡಿ, ಸೋಫಾ ಮೂರು, ಅದರ ಹಿಂದೆ ದಾರಿ ಮೂರು, ಟೀಪಾಯಿ ಎರಡು, ಅದಕ್ಕೂ ಸೋಫಾಕ್ಕೂ ನಡುವೆ ಒಂದೂವರೆ. ಕೂಡಿದರೆ ಸರಿಯಾಗಿ ಹನ್ನೊಂದು! ಇವರ ಮುಖ ಅರಳಿತು. ಟೀಪಾಯಿಗೂ ಟೀವಿ ಸ್ಟ್ಯಾಂಡಿಗೂ ನಡುವೆ ಉಳಿದದ್ದು ಸೊನ್ನೆ ಎಂದು ಹೇಳಿದವಳು ನಾನು. ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಮಾತಿಲ್ಲ.

ಮಾರನೇ ದಿನ ಹೊಸ ಉಪಾಯ. ಹಳೇ ಪೇಪರುಗಳನ್ನು ಒಂದಕ್ಕೊಂದು ಅಂಟಿಸಿ ಸೋಫಾ, ಟೇಬಲ್ಲು, ದಿವಾನ್ ಅಳತೆಗೇ ಕತ್ತರಿಸಿ ನೆಲಕ್ಕೆ ಹಾಸಿ ನೋಡುವುದು. ಉಪಾಯ ಚೆನ್ನಾಗಿಯೇ ಇತ್ತು. ಭಾರ ಎತ್ತದೆ ಜಾಗ ತಿಳಿಯುತ್ತದೆ, ಯಾರು ಬೇಕಾದರೂ ಮಾಡಿ ನೋಡಬಹುದು. ಒಂದೇ ಎಚ್ಚರ, ಫ್ಯಾನ್ ಹಾಕಬಾರದು. ಮಗ ಕಾಲೇಜಿನಿಂದ ಬಂದವನೇ ಐದರಲ್ಲಿ ಫ್ಯಾನ್ ಹಾಕಿದ. ಡೈನಿಂಗ್ ಟೇಬಲ್ ಎದ್ದು ಬಾಲ್ಕನಿಗೆ ಹೋಯಿತು. ಅದನ್ನು ಹಿಡಿದು ತರುವಷ್ಟರಲ್ಲಿ ಇತ್ತ ಮೂರು ಸೀಟಿನ ಸೋಫಾದ ಮೇಲೆ ಮಾವ ಕನ್ನಡಕ ಹಾಕಿಕೊಂಡು ಬೋರಲಾಗಿದ್ದರು. ಎಡಗೈ ಹಿಡಿಯ ಜಾಗದಲ್ಲಿ ಅರ್ಧ ಪದಬಂಧ ಉಳಿದಿತ್ತಂತೆ.

"ಅಣ್ಣಾ, ಏಳಿ, ಅದು ಸೋಫಾ" ಎಂದರು ಇವರು. ಅಪ್ಪನನ್ನು ಇವರು ಕರೆಯುವುದು ಹಾಗೆಯೇ.

"ಗೊತ್ತು ಕಣೋ. ಇದರ ಮುಂದಿನ ಪುಟ ಎಲ್ಲಿ?"

ಮುಂದಿನ ಪುಟ ಶೂ ರ‍್ಯಾಕ್ ಆಗಿತ್ತು.

ಅತ್ತೆಯದು ಬೇರೆಯೇ ಲೆಕ್ಕ. ಭಾರವಾದದ್ದು ನೈಋತ್ಯಕ್ಕೆ, ಈಶಾನ್ಯ ಖಾಲಿ. ಖಾಲಿ ಬಿಟ್ಟರೆ ನವರಾತ್ರಿಗೆ ಗೊಂಬೆ ಕೂರಿಸಲೂ ಆಯಿತು. ಅವರ ಮಾತಿನಂತೆ ದಿವಾನನ್ನು ನೈಋತ್ಯಕ್ಕೆ ಒತ್ತಿದೆವು. ಬಾಲ್ಕನಿಗೆ ಹೋಗುವ ಗಾಜಿನ ಬಾಗಿಲು ಅಲ್ಲೇ ಇದೆ, ಅರ್ಧ ಮುಚ್ಚಿಹೋಯಿತು. ಎರಡು ವಾರ ನಾನು ಒದ್ದೆ ಬಟ್ಟೆಯ ಬಕೆಟ್ ಹಿಡಿದು ದಿವಾನ್ ಹತ್ತಿ ಇಳಿದು ಬಟ್ಟೆ ಒಣಹಾಕಿದ್ದೇನೆ. ಮಾವ ಮಲಗಿದ್ದರೆ ಕಾಲು ಮಡಚಿ ದಾರಿ ಬಿಡುತ್ತಿದ್ದರು, ಅವರದ್ದೇನೂ ತಪ್ಪಿಲ್ಲ.

ಸೋಫಾ ನಡುವೆ ಬಂದ ಮೇಲೆ ಇನ್ನೊಂದು ಗುಟ್ಟು ರಟ್ಟಾಯಿತು. ಯಾವಾಗಲೂ ಗೋಡೆಗೆ ಒರಗಿಕೊಂಡಿದ್ದ ಸೋಫಾಕ್ಕೆ ಬೆನ್ನು ಎಂಬುದಿದೆ ಎಂದು ನಮಗೆ ಗೊತ್ತೇ ಇರಲಿಲ್ಲ. ಮುಂದೆಲ್ಲ ಮೆರೂನ್ ವೆಲ್ವೆಟ್ಟು, ಹಿಂದೆ ಛತ್ರಿಗೆ ಹಾಕುವಂಥ ಕಪ್ಪು ಬಟ್ಟೆ, ಸಾಲಾಗಿ ಸ್ಟೇಪ್ಲರ್ ಪಿನ್ನು, ಒಂದು ಮೂಲೆಯಲ್ಲಿ ಇಲಿಯೋ ಕಾಲವೋ ಕಚ್ಚಿದ ತೂತು. ತೂತಿನೊಳಗೆ ಕೈ ಹಾಕಿದರೆ ಐವತ್ತು ಪೈಸೆ, ನಾಲ್ಕು ಹೇರ್‌ಪಿನ್ನು, ಮಗ ಮೂರನೇ ಕ್ಲಾಸಿನಲ್ಲಿ ಕಳೆದುಹೋಯಿತೆಂದು ಅತ್ತಿದ್ದ ಕಂಪಾಸು. ಬಾಗಿಲು ತೆಗೆದರೆ ಬಂದವರಿಗೆ ಮೊದಲು ಕಾಣುವುದು ಈ ಬೆನ್ನು. ಅದರಾಚೆ ನನ್ನ ಸಿಂಕು, ಸಿಂಕಿನಲ್ಲಿ ಬೆಳಗಿನ ಪಾತ್ರೆ. ಕೊರಿಯರ್ ಹುಡುಗ ಒಟಿಪಿ ಕೇಳುತ್ತಾ ನಮ್ಮ ಪಾತ್ರೆ ಎಣಿಸಿದ ಹಾಗೆ ನನಗೆ ಅನಿಸುತ್ತದೆ.

ಕಲಿತು ಬರೋಣ ಎಂದು ಒಂದು ಭಾನುವಾರ ವಜರಹಳ್ಳಿಯಲ್ಲಿ ಮೆಟ್ರೊ ಹತ್ತಿ, ಹಸಿರು ಮಾರ್ಗದಲ್ಲಿ ಊರಿನ ಆ ತುದಿಯ ನಾಗಸಂದ್ರಕ್ಕೆ ಹೋದೆವು. ಸ್ವೀಡನ್ನಿನ ಐಕಿಯಾ 2022ರಲ್ಲಿ ಅಲ್ಲಿ ಅಂಗಡಿ ತೆರೆದಿದೆಯಲ್ಲ, ಅಲ್ಲಿ ಮನೆಗಳನ್ನೇ ಜೋಡಿಸಿಟ್ಟಿದ್ದಾರೆ. ನೋಡಲು ಎರಡು ಕಣ್ಣು ಸಾಲದು. ಆದರೆ ಆ ಮನೆಗಳಲ್ಲಿ ಯಾರೂ ಟವೆಲ್ ಒಣಹಾಕಿಲ್ಲ, ಹಪ್ಪಳದ ಡಬ್ಬ ಎಲ್ಲೂ ಇಲ್ಲ, ಗ್ಯಾಸ್ ಸಿಲಿಂಡರ್ ಇಲ್ಲ, ಮಾವ ಇಲ್ಲ. ನಮ್ಮ ಮಾವ ಮಾತ್ರ ಅಲ್ಲಿನ ಒಂದು ಹಾಸಿಗೆಯ ಮೇಲೆ ಸ್ವಲ್ಪ ಒರಗುತ್ತೇನೆಂದು ಒರಗಿ ನಿದ್ದೆ ಹೋದರು. ನಾವು ಮುಂದೆ ಹೋಗಿ ವಾಪಸ್ ಬರುವಷ್ಟರಲ್ಲಿ ಇಬ್ಬರು ಮೂವರು ಅವರ ಸುತ್ತ ನಿಂತು ಹಾಸಿಗೆ ಎಷ್ಟು ಮೆತ್ತಗಿರಬಹುದೆಂದು ಮಾತಾಡಿಕೊಳ್ಳುತ್ತಿದ್ದರು. ದೀಪವೊಂದನ್ನು ಕೊಂಡು, ಕಾಫಿ ಕುಡಿದು ಬಂದೆವು. ಮಗ ಬೀನ್ ಬ್ಯಾಗ್ ಕೇಳಿದ. ಅತ್ತೆ ಅದನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, "ಹಿಟ್ಟಿನ ಮೂಟೆ ಮೇಲೆ ಕೂತರೆ ದರಿದ್ರ" ಎಂದು ತೀರ್ಮಾನ ಕೊಟ್ಟರು.

ದೀಪ ಇಟ್ಟ ಮೂಲೆಯಲ್ಲಿ ಪ್ಲಗ್ ಪಾಯಿಂಟ್ ಇರಲಿಲ್ಲ. ನನ್ನ ಅನುಭವದಲ್ಲಿ ಹೇಳುತ್ತೇನೆ, ಫ್ಲ್ಯಾಟಿನಲ್ಲಿ ಸಾಮಾನು ಎಲ್ಲಿರಬೇಕು ಎಂದು ತೀರ್ಮಾನಿಸುವವನು ಯಜಮಾನನೂ ಅಲ್ಲ, ವಾಸ್ತುವಿನವನೂ ಅಲ್ಲ, ನೀವು ಆ ಮನೆಯನ್ನು ನೋಡುವುದಕ್ಕೂ ಮೊದಲೇ ಬಂದು ಹೋದ ಎಲೆಕ್ಟ್ರಿಷಿಯನ್ನು.

ನಡುವೆ ಒಂದು ದಿನ ಮನೆ ಪತ್ರ ಓದುತ್ತಿದ್ದ ಮಾವ ಕೇಳಿದರು, "1,250 ಚದರಡಿ ಅಂತ ಹೇಳಿದ್ದರಲ್ಲೋ. ಇಲ್ಲಿ ಕಾರ್ಪೆಟ್ ಏರಿಯಾ 880 ಅಂತಿದೆ. ಮಿಕ್ಕಿದ್ದು ಎಲ್ಲಿ?"

ಅದು ಸೂಪರ್ ಬಿಲ್ಟ್‌ಅಪ್, ಗೋಡೆ ದಪ್ಪ, ಮೆಟ್ಟಿಲು, ಲಿಫ್ಟು, ಕಾರಿಡಾರು ಎಲ್ಲದರಲ್ಲೂ ನಮ್ಮ ಪಾಲು ಸೇರಿದೆ ಎಂದು ಇವರು ವಿವರಿಸಿದರು. ಫ್ಲ್ಯಾಟ್ ಕಟ್ಟಿ ಮಾರುವವರಿಗೆ ಲಗಾಮು ಹಾಕುವ 2016ರ ರೇರಾ ಕಾಯ್ದೆ ಬಂದ ಮೇಲೆ ಪತ್ರದಲ್ಲಿ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸಲು ಸಿಗುವ ನೆಲ, ತೋರಿಸಲೇಬೇಕು, ಬಾಯಿಮಾತಿನಲ್ಲಿ ಮಾತ್ರ ಎಲ್ಲರೂ ದೊಡ್ಡದನ್ನೇ ಹೇಳುತ್ತಾರೆ ಎಂದೂ ಸೇರಿಸಿದರು.

ಮಾವ ಸ್ವಲ್ಪ ಹೊತ್ತು ಯೋಚಿಸಿದರು. "ಹಾಗಾದರೆ ಕಾರಿಡಾರ್‌ನಲ್ಲಿ ನಮ್ಮ ಪಾಲು ಎಷ್ಟು ಬರುತ್ತೆ ನೋಡು. ಆರಕ್ಕೆ ಮೂರು ಸಿಕ್ಕಿದರೆ ದಿವಾನ್ ಅಲ್ಲೇ ಹಾಕೋಣ."

ಇದಾದ ರಾತ್ರಿಯೇ ಇವರು ದಿವಾನ್ ವಿಷಯ ಇತ್ಯರ್ಥ ಮಾಡಿಯೇ ಬಿಡುತ್ತೇನೆಂದು ಸೊಂಟ ಕಟ್ಟಿದರು. ನಾಲ್ಕು ಕಾಲಿಗೂ ಹಳೇ ಕಂಬಳಿ ತುಂಡು ಕೊಟ್ಟೆವು. ನುಣುಪು ಟೈಲ್ಸ್ ಮೇಲೆ ಕಂಬಳಿ ಇದ್ದರೆ ಎಂಥ ಭಾರವೂ ಜಾರುತ್ತದೆ. ಜಾರಿತು ಕೂಡ, ಏಳು ಟೈಲು. ಎಂಟನೆಯದರಲ್ಲಿ ಕಂಬಳಿ ಕಳಚಿ ಮರದ ಕಾಲು ನೆಲಕ್ಕೆ ತಾಗಿ ಕಿರ್ರ್ ಎಂದಿತು. ಹತ್ತೂವರೆ ರಾತ್ರಿ. ಎರಡೇ ನಿಮಿಷದಲ್ಲಿ ಅಸೋಸಿಯೇಷನ್ ಗ್ರೂಪಿನಲ್ಲಿ ಮೆಸೇಜು: "ನಾಲ್ಕನೇ ಮಹಡಿಯವರು ಈ ಹೊತ್ತಿನಲ್ಲಿ ರಥ ಎಳೆಯುತ್ತಿದ್ದಾರಾ?" ಅದಕ್ಕೆ ಯಾರೋ ಕೈಮುಗಿಯುವ ಚಿತ್ರ ಹಾಕಿದರು. ಶಬ್ದವಾಗದಿರಲಿ ಎಂದು ಇವರು ಎಳೆಯುವುದು ಬಿಟ್ಟು ಎತ್ತಲು ಹೋದರು. ಕಟ್ಟಿದ ಸೊಂಟವೇ ಹಿಡಿದುಕೊಂಡಿತು. ಬಗ್ಗಿದವರು ಬಗ್ಗಿದ ಹಾಗೆಯೇ ನಿಂತು, "ಇದನ್ನ ಹೀಗೇ ಬಿಡ್ರೇ" ಎಂದರು. ದಿವಾನ್ ಬಗ್ಗೆ ಹೇಳಿದ್ದೋ ತಮ್ಮ ಬಗ್ಗೆಯೋ ಗೊತ್ತಾಗಲಿಲ್ಲ. ಎರಡನ್ನೂ ಬಿಟ್ಟೆವು.

ಮೂರು ವಾರ ಏನೂ ಎತ್ತಬಾರದು ಎಂದರು ಡಾಕ್ಟರು. ದಿವಾನ್ ನಿಂತದ್ದು ನಿಂತಲ್ಲೇ, ಹಾಲಿನ ಸರಿಯಾಗಿ ನಡುವೆ, ಅಡ್ಡಲಾಗಿ. ಹನ್ನೊಂದು ಅಡಿಯಲ್ಲಿ ಆರಡಿ ಅದರದು, ಉಳಿದ ಐದಡಿ ನಮ್ಮದು. ಈಚೆ ಅಡುಗೆಮನೆ, ಊಟದ ಮೇಜು. ಆಚೆ ಟೀವಿ, ಸೋಫಾ. ಟೀಪಾಯಿ ಬಾಲ್ಕನಿಗೆ ಹೋಗಿ ತುಳಸಿಕಟ್ಟೆಯಾಯಿತು. ಅದಕ್ಕೂ ಟೀಗೂ ಸಂಬಂಧವಿಲ್ಲ ಬಿಡಿ, ಅದು 'ತೀನ್ ಪಾಯ್', ಮೂರು ಕಾಲಿನದು ಎಂಬ ಮಾತಿನಿಂದ ಬಂದದ್ದು. ನಮ್ಮದಕ್ಕೆ ನಾಲ್ಕು ಕಾಲಿದೆ, ಹಾಗಾಗಿ ಹೆಸರಿನ ಎರಡೂ ಅರ್ಥ ಸುಳ್ಳು.

ಮಾವ ಈಗ ಎರಡು ದಿಂಬು ಒರಗಿಸಿಕೊಂಡು ಬಾಗಿಲಿಗೆ ಎದುರಾಗಿ ಕೂರುತ್ತಾರೆ. ಹಾಲಿನವನು, ಕೊರಿಯರಿನವನು, ಅಸೋಸಿಯೇಷನ್ ಸೆಕ್ರೆಟರಿ, ಯಾರೇ ಬಂದರೂ ಮೊದಲು ಅಲ್ಲಿ ಹೆಸರು, ಊರು, ಬಂದ ಕೆಲಸ ಹೇಳಬೇಕು. ರಥದ ಮೆಸೇಜು ಹಾಕಿದ್ದ ಕೆಳಮನೆಯವರು ಜಗಳಕ್ಕೆಂದೇ ಬಂದು, ದಿವಾನಿನ ಬೆಣೆ ಮುಟ್ಟಿ ನೋಡಿ, ಮುಕ್ಕಾಲು ಗಂಟೆ ಕೂತು ಹೋದರು. ಮಗ ಮೊಬೈಲಿನಲ್ಲಿ ಹುಡುಕಿ ಹೇಳಿದ, ದಿವಾನ್ ಎಂದರೆ ಪಾರ್ಸಿಯಲ್ಲಿ ಮೊದಲು ಲೆಕ್ಕಪತ್ರದ ಕಚೇರಿ, ಆಮೇಲೆ ರಾಜಸಭೆ, ಆ ಸಭೆಯಲ್ಲಿ ಗೋಡೆಗುಂಟ ಹಾಕಿದ ಆಸನಕ್ಕೂ ಅದೇ ಹೆಸರು ಬಂತು ಎಂದು. ಫ್ರೆಂಚರು ಸುಂಕದ ಕಟ್ಟೆಗೆ 'ದುವಾನ್' ಎನ್ನುವುದೂ ಇದರಿಂದಲೇ ಅಂತೆ.

ಅದನ್ನು ಅವನು ಹೇಳಬಾರದಿತ್ತು. ಹೇಳಿದ್ದು ಮಾವನ ಕಿವಿಗೆ ಬಿತ್ತು. ಇವರ ಸೊಂಟ ಸರಿಹೋಗಿ ತಿಂಗಳಾಯಿತು, ದಿವಾನ್ ಸರಿಸುವ ಮಾತು ತೆಗೆದರೆ "ನಿನಗೆ ಡಾಕ್ಟರ್ ಏನು ಹೇಳಿದಾರೆ?" ಎಂದು ಮಾವ ಗದರುತ್ತಾರೆ. ಅಡುಗೆಮನೆಯಿಂದ ಟೀವಿ ಕಡೆ ಹೋಗುವ ಪ್ರತಿಯೊಂದು ತಟ್ಟೆಯೂ ಆ ಐದಡಿ ದಾರಿಯಲ್ಲೇ ಹೋಗಬೇಕು. ನಿನ್ನೆ ಸಂಜೆ ಮಳೆ. ಕೋಡುಬಳೆ ಕರಿದೆ. ಮ್ಯಾಚ್ ನೋಡುತ್ತಿದ್ದ ಅಪ್ಪ ಮಗನಿಗೆ ಎಂದು ಹತ್ತು ಎಣಿಸಿ ತಟ್ಟೆಗೆ ಹಾಕಿ ಹೊರಟೆ.

"ಏನಮ್ಮಾ ಅದು?" ಎಂದು ದಿವಾನಿನಿಂದ ಕೈ ಚಾಚಿತು.

"ಮಾವಾ, ನಿಮಗೆ ಬೇರೆ ತಟ್ಟೆ ತರ್ತೀನಿ, ಇದು ಅವರಿಗೆ."

"ತಾ, ಅದನ್ನೂ ತಾ" ಎಂದರು, ಬಿಸಿ ನೋಡಿ ನೋಡಿ ಆರಿಸುತ್ತಾ.

ಸೋಫಾ ಮುಟ್ಟಿದ್ದು ಆರು.